ಬಿಡೋ, ಆಗೋದೆಲ್ಲಾ ಒಳ್ಳೇದಕ್ಕೇ ಅಂದಿದ್ದೆ

ಪ್ರೀತಿಯ ಗೆಳೆಯಾ,

ಅಂಗಡಿಗೆ ಮಳೆ ನೀರು ನುಗ್ಗಿ ಸೀರೆಯೆಲ್ಲಾ ಹಾಳಾಯಿತು ಎಂದು ನೀನು ಫೋನ್ ಮಾಡಿದ ದಿನ ನಾನು, "ಬಿಡೋ, ಆಗೋದೆಲ್ಲಾ ಒಳ್ಳೇದಕ್ಕೇ" ಅಂದುಬಿಟ್ಟೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮಾತಾಡ್ತೀನಿ ಎಂದು ಫೋನ್ ಇಟ್ಟೆ. ತಪ್ಪು ಮಾತಾಡಿದೆ ಕಣೋ. ಎಷ್ಟು ದೊಡ್ಡ ತಪ್ಪು ಎಂದು ತಿಳಿದದ್ದು ಈ ವಾರ, ವೋಲ್ಟೇರನ 'ಕ್ಯಾಂಡಿಡ್' ಮತ್ತೆ ಓದುವಾಗ.

1759ರ ಫ್ರೆಂಚ್ ಕಾದಂಬರಿ ಅದು. ಅದರಲ್ಲಿ ಕ್ಯಾಂಡಿಡ್ ಎಂಬ ಹುಡುಗನಿಗೆ ಪ್ಯಾಂಗ್ಲಾಸ್ ಎಂಬ ಮೇಷ್ಟ್ರಿದ್ದಾನೆ. ಇರಬಹುದಾದ ಲೋಕಗಳಲ್ಲೆಲ್ಲಾ ನಮ್ಮದೇ ಒಳ್ಳೆಯದು, ಆಗಿದ್ದೆಲ್ಲಾ ಸರಿಯಾಗೇ ಆಗಿದೆ ಎನ್ನುವುದು ಅವನ ಪಾಠ. ಮೂಗು ಇರುವುದೇ ಕನ್ನಡಕ ಕೂರಲಿ ಅಂತ ಎನ್ನುತ್ತಾನೆ. ಅಲ್ಲಿ ನಗು ಬರುತ್ತದೆ. ಐದನೇ ಅಧ್ಯಾಯಕ್ಕೆ ಬಂದಾಗ ನಗು ನಿಂತುಹೋಗುತ್ತದೆ.

ಜಾಕ್ ಎಂಬ ಒಳ್ಳೆಯ ಮನುಷ್ಯ ಹಸಿದ ಕ್ಯಾಂಡಿಡ್‌ಗೆ ಅನ್ನ ಹಾಕಿದ್ದ, ರೋಗದಿಂದ ನರಳುತ್ತಿದ್ದ ಪ್ಯಾಂಗ್ಲಾಸ್‌ಗೆ ತನ್ನ ಖರ್ಚಿನಲ್ಲಿ ಔಷಧ ಮಾಡಿಸಿದ್ದ. ಪೋರ್ಚುಗಲ್‌ನ ಲಿಸ್ಬನ್ ಬಂದರಿನ ಹತ್ತಿರ ಬಿರುಗಾಳಿಗೆ ಸಿಕ್ಕ ಹಡಗಿನಿಂದ ಅವನು ನೀರಿಗೆ ಬೀಳುತ್ತಾನೆ, ಅದೂ ಇನ್ನೊಬ್ಬನನ್ನು ಮೇಲೆತ್ತಲು ಹೋಗಿ. ಕ್ಯಾಂಡಿಡ್ ಹಾರಲು ಹೊರಡುತ್ತಾನೆ. ಪ್ಯಾಂಗ್ಲಾಸ್ ತಡೆಯುತ್ತಾನೆ. ಜಾಕ್ ಮುಳುಗಲಿ ಎಂದೇ ಈ ಬಂದರು ಆಗಿರುವುದು ಎಂದು ವಾದ ಹೂಡುತ್ತಾನೆ. ವಾದ ಮುಗಿಯುವ ಮೊದಲೇ ಹಡಗು ಒಡೆಯುತ್ತದೆ.

ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಆ ಮೇಷ್ಟ್ರು ಕೆಟ್ಟವನಲ್ಲ. ಆದರೆ ಅವನ ನಂಬಿಕೆ ಸಹಾಯಕ್ಕೆ ಹೊರಟ ಕೈಯನ್ನು ಹಿಡಿದು ನಿಲ್ಲಿಸಿತು. ನಾನು ಫೋನಿನಲ್ಲಿ ಮಾಡಿದ್ದೂ ಅದೇ ಅಲ್ವಾ? ಎಷ್ಟು ನಷ್ಟ, ಯಾರಿಗೆಷ್ಟು ಕೊಡಬೇಕು ಎಂದು ಒಂದು ಮಾತೂ ಕೇಳಲಿಲ್ಲ.

ಲಿಸ್ಬನ್ ಸುಮ್ನೆ ಬಂದ ಹೆಸರಲ್ಲ. 1755ರ ನವೆಂಬರ್ 1, ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ತುಂಬಿದ್ದಾಗ ಅಲ್ಲಿ ಭೂಮಿ ನಡುಗಿತು. ಆಮೇಲೆ ಸಮುದ್ರ ಏರಿ ಬಂತು, ಬೆಂಕಿ ಹೊತ್ತಿತು. ಅದಾದ ಮೇಲೂ ಎಲ್ಲ ಸರಿಯಾಗಿದೆ ಎನ್ನುವವರನ್ನು ವೋಲ್ಟೇರನಿಗೆ ಸಹಿಸಲು ಆಗಲಿಲ್ಲ.

ಹಾಗಂತ ಕಾದಂಬರಿಯಲ್ಲಿ ಎಲ್ಲ ಕೆಟ್ಟದ್ದೇ ಎನ್ನುವ ಮಾರ್ಟಿನ್ ಎಂಬವನು ಗೆಲ್ಲುವುದೂ ಇಲ್ಲ. ಕೊನೆಗೆ ಅವನೂ ವಾದ ಬಿಟ್ಟು ಕೆಲಸ ಮಾಡೋಣ ಎನ್ನುತ್ತಾನೆ. ಜೊತೆಗಿದ್ದವರಲ್ಲಿ ಒಬ್ಬಳು ಕಸೂತಿ ಹಾಕುತ್ತಾಳೆ, ಒಬ್ಬ ಬಡಗಿ ಕೆಲಸ ಹಿಡಿಯುತ್ತಾನೆ. ಪ್ಯಾಂಗ್ಲಾಸ್ ಮಾತ್ರ ಇನ್ನೂ ವಾದಿಸುತ್ತಲೇ ಇರುತ್ತಾನೆ. ಆಗ ಕ್ಯಾಂಡಿಡ್, "ಚೆನ್ನಾಗಿ ಹೇಳಿದಿರಿ, ಆದರೆ ನಮ್ಮ ತೋಟದ ಕೆಲಸ ಆಗಬೇಕು" ಎನ್ನುತ್ತಾನೆ.

ನಮ್ಮ ಪಾಡು ನಾವು ನೋಡಿಕೊಳ್ಳೋಣ ಎಂದು ಇದರ ಅರ್ಥ ಅಂದುಕೊಂಡಿದ್ದೆ. ಆದರೆ ಬರೆದವನು ಹಾಗೆ ಬದುಕಲಿಲ್ಲ. 1762ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಜಾನ್ ಕಲಾಸ್ ಎಂಬ ವ್ಯಾಪಾರಿಯನ್ನು, ಮಗನನ್ನು ಕೊಂದ ಎಂಬ ಸುಳ್ಳು ಆರೋಪದ ಮೇಲೆ ಚಿತ್ರಹಿಂಸೆ ಕೊಟ್ಟು ಕೊಂದರು. ವೋಲ್ಟೇರ್ ಅವನನ್ನು ಕಂಡವನೇ ಅಲ್ಲ. ಆದರೂ ಕಾಗದ ಬರೆದ, ಪುಸ್ತಕ ಬರೆದ, ಬಿಡದೆ ಹೋರಾಡಿದ. 1765ರಲ್ಲಿ ಕಲಾಸ್ ನಿರಪರಾಧಿ ಎಂದು ತೀರ್ಪಾಯಿತು.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಒಗೆದರೆ ಉಳಿಯುವ ಸೀರೆ ಯಾವುದು, ಹೋದದ್ದು ಯಾವುದು ಎಂದು ಇಬ್ಬರೂ ಕೂತು ಬೇರೆ ಮಾಡೋಣ. ಲೆಕ್ಕದ ಪುಸ್ತಕ ಬಿಸಿಲಿಗೆ ಹಾಕಿಡು.

ನಿನ್ನ ಗೆಳೆಯ