ಯಾರ್ಕ್‌ನ ಆ ಹಿರಿಯರಿಗೆ

ಇಂಗ್ಲೆಂಡಿನ ಯಾರ್ಕ್ ನಗರದ ಗುಡ್‌ರಾಮ್‌ಗೇಟ್ ಬೀದಿಯ ಹೋಲಿ ಟ್ರಿನಿಟಿ ಚರ್ಚಿನಲ್ಲಿ ನನಗೆ ನೆರವಾದ ಹಿರಿಯ ಮಹಿಳೆಗೆ ಈ ಧನ್ಯವಾದ. ಹೆಸರು ಕೇಳಿದರೆ ನಕ್ಕು ಸುಮ್ಮನಾದರು.

ಪರಸ್ಪರ ಒಲಿದ ಇಬ್ಬರು ಮಹಿಳೆಯರಾದ ಆನ್ ಲಿಸ್ಟರ್ ಮತ್ತು ಆನ್ ವಾಕರ್ 1834ರ ಈಸ್ಟರ್ ಭಾನುವಾರ ಇಲ್ಲಿಯೇ ಜೊತೆಯಾಗಿ ಪರಮಪ್ರಸಾದ (ಚರ್ಚಿನ ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸಿ, ಅದನ್ನೇ ತಮ್ಮ ಮದುವೆ ಎಂದು ಭಾವಿಸಿದರು. ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆಗಳನ್ನು ಬೆರೆಸಿದ ಗುಪ್ತಲಿಪಿಯಲ್ಲಿ ಲಿಸ್ಟರ್ ತಮ್ಮ ಒಲವನ್ನೆಲ್ಲ ದಿನಚರಿಗೆ ಒಪ್ಪಿಸಿದ್ದರು. ಈ ಜೋಡಿಯ ಕುರಿತ ನನ್ನ ಕಾದಂಬರಿ ಸರಿಯಾಗಿ ಚರ್ಚಿನ ದೃಶ್ಯದಲ್ಲೇ ನಿಂತುಹೋಗಿತ್ತು. ಅಷ್ಟು ಜನರ ನಡುವೆ ಇಷ್ಟು ದೊಡ್ಡ ಗುಟ್ಟು ಹೇಗೆ ಸಾಧ್ಯ?

ಆ ತಾಯಿ ಉತ್ತರ ಹೇಳಲಿಲ್ಲ, ಒಂದು ಆಸನದ ಬಾಗಿಲು ತೆರೆದರು. ಹೌದು, ಬಾಗಿಲು! ಅಲ್ಲಿನ ಹಳೆಯ ಆಸನಗಳೆಂದರೆ ಸುತ್ತಲೂ ಮರದ ಹಲಗೆ ಕಟ್ಟಿದ ಪುಟ್ಟ ಕೋಣೆಗಳು. ನನ್ನನ್ನು ಒಳಗೆ ಕುಳ್ಳಿರಿಸಿ, ಬಾಗಿಲು ಮುಚ್ಚಿ, ತಾವು ಹಿಂದೆ ಹೋಗಿ ನಿಂತು, "ನಿಮ್ಮ ಕೈ ನನಗೆ ಕಾಣುತ್ತಿಲ್ಲ" ಎಂದರು. ಬೆರಳಿಗೆ ಬೆರಳು ಹೆಣೆದು ಕುಳಿತರೂ ಪಕ್ಕದ ಆಸನದವರಿಗೆ ತಿಳಿಯದು. ಗ್ರಂಥಾಲಯಗಳಲ್ಲಿ ತಲೆಕೆಡಿಸಿಕೊಂಡರೂ ಸಿಗದ ಅಧ್ಯಾಯ ಅಲ್ಲೇ ಕೈಗೆ ಬಂತು.

ಕನ್ನಡದ ಈ ನಾಲ್ಕು ಸಾಲು ಅವರನ್ನು ಮುಟ್ಟಲಿಕ್ಕಿಲ್ಲ. ಯಾರ್ಕ್‌ಷೈರ್ ಕಡೆಯ ಕನ್ನಡಿಗರು ಯಾರಾದರೂ ಆ ಚರ್ಚಿಗೆ ಹೋದರೆ ದಯವಿಟ್ಟು ನನ್ನ ನಮಸ್ಕಾರ ತಿಳಿಸಿ. ಕಾದಂಬರಿ ಮುಗಿಯುತ್ತಾ ಬಂದಿದೆ ಎಂಬುದನ್ನೂ ಹೇಳಿ.