ಹೆಸರು ಬರೆದಿಟ್ಟವರಿಗೆ, ಜಾಗ ಬಿಟ್ಟವರಿಗೆ

ಪಿಎಚ್‌ಡಿ ಮುಗಿಯಿತು. ಹಳೆಯ ಕಾಲದ ಜನರ ಹೆಸರುಗಳ ಮೇಲೆ ನಾನು ಬರೆದ ಪ್ರಬಂಧಕ್ಕೆ ಕಳೆದ ವಾರ ವೈವಾ ಆಯಿತು, ಒಪ್ಪಿಗೆಯೂ ಸಿಕ್ಕಿತು. ಫೋನು, ಮೆಸೇಜು ಮಾಡಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಕೆಲವರ ಋಣವನ್ನು ಎಲ್ಲರ ಮುಂದೆಯೇ ಹೇಳಬೇಕು ಅನ್ನಿಸಿತು.

ಮೊದಲು ನನ್ನ ಗೈಡ್ ಮೇಡಂ. "ಹೆಸರಿನ ಮೇಲೆ ಪಿಎಚ್‌ಡಿನಾ? ಅದರಲ್ಲೇನಿದೆ?" ಅಂದವರೇ ಜಾಸ್ತಿ. ಮೇಡಂ ಮಾತ್ರ, "ರಾಜರ ಹೆಸರು ಬಿಡು, ಅದು ಎಲ್ಲರಿಗೂ ಗೊತ್ತು. ಎತ್ತು ಹೂಡಿದವನ ಹೆಸರು ಹುಡುಕು" ಅಂದರು. ಹುಡುಕುತ್ತಾ ಹೋದರೆ ಎತ್ತಿನ ಹೆಸರೇ ಸಿಕ್ಕಿತು! ಗ್ರೀಸಿನ ಕ್ರೀಟ್ ದ್ವೀಪದ ಕ್ನೋಸೋಸ್ ಅರಮನೆಯ ಮಣ್ಣಿನ ಹಲಗೆಗಳು ಮೂರು ಸಾವಿರ ವರ್ಷಕ್ಕಿಂತ ಹಳೆಯವು. ಗ್ರೀಕ್ ಬರೆಯಲು ಬಳಸುತ್ತಿದ್ದ ಲೀನಿಯರ್ ಬಿ ಎಂಬ ಹಳೆಯ ಲಿಪಿಯಲ್ಲಿ ಅಲ್ಲಿನ ಗುಮಾಸ್ತರು ಜೋಡಿ ಎತ್ತುಗಳ ಹೆಸರನ್ನೂ ಬರೆದಿಟ್ಟಿದ್ದಾರೆ. ಒಂದರ ಹೆಸರು ಕೆಲೈನೋಸ್, ಅಂದರೆ ಕರಿಯ. ಇನ್ನು ನಮ್ಮ ಆತಕೂರಿನ ಶಾಸನ, ಕ್ರಿ.ಶ. 949–50ರದ್ದು. ಅದರಲ್ಲಿ ಕಾಡುಹಂದಿಯ ಜೊತೆ ಹೋರಾಡಿ ಸತ್ತ ಬೇಟೆನಾಯಿಯ ಹೆಸರಿದೆ, ಕಾಳಿ ಅಂತ. ಗಂಗರ ದೊರೆ ಬೂತುಗ ತನ್ನ ವೀರನಿಗೆ ಮೆಚ್ಚಿ ಕೊಟ್ಟ ನಾಯಿ ಅದು. ಎತ್ತು, ನಾಯಿ ಎರಡನ್ನೂ ಪ್ರಬಂಧಕ್ಕೆ ಸೇರಿಸಲು ಮೇಡಂ ಬಿಡಲಿಲ್ಲ, ಅದು ಬೇರೆ ಮಾತು. ಇಲ್ಲಿ ತಡೆಯುವವರಿಲ್ಲ, ಸೇರಿಸಿದ್ದೇನೆ.

ಅರಬ್ಬಿ ಹೇಳಿಕೊಟ್ಟ ಗೆಳೆಯನಿಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಅಬೂ ಜೈದ್ ಅಬ್ದ್ ಅಲ್-ರಹಮಾನ್ ಇಬ್ನ್ ಮುಹಮ್ಮದ್ ಇಬ್ನ್ ಖಲ್ದೂನ್ ಅಲ್-ಹದ್ರಮಿ. ಇತಿಹಾಸಕಾರ ಇಬ್ನ್ ಖಲ್ದೂನನ ಪೂರ್ತಿ ಹೆಸರು ಇದು. ಇಷ್ಟುದ್ದದ ಹೆಸರನ್ನು ಇಂಡೆಕ್ಸಿನಲ್ಲಿ ಯಾವ ಅಕ್ಷರದಡಿ ಹುಡುಕುವುದು ಹೇಳಿ? ಅಬೂ ಜೈದ್ ಅಂದರೆ ಜೈದನ ಅಪ್ಪ. ಅಬ್ದ್ ಅಲ್-ರಹಮಾನ್ ಹುಟ್ಟಿದಾಗ ಇಟ್ಟ ಹೆಸರು. ಮುಹಮ್ಮದ್ ತಂದೆ. ಅಲ್-ಹದ್ರಮಿ ಅಂದರೆ ಯೆಮೆನ್ ಕಡೆಯ ಹದ್ರಮೌತ್ ಸೀಮೆಯ ಮೂಲದವನು. ಕೊನೆಗೆ ಲೋಕ ಅವನನ್ನು ಕರೆಯುವುದು ಇದ್ಯಾವುದರಿಂದಲೂ ಅಲ್ಲ, ಯಾವಾಗಲೋ ಆಗಿಹೋದ ಪೂರ್ವಿಕ ಖಲ್ದೂನನ ಹೆಸರಿನಿಂದ. ನನ್ನ ಗೆಳೆಯ ಇಂಥವನ್ನು ರಾತ್ರಿ ಊಟ ಮುಗಿಸಿ ಫೋನಿನಲ್ಲಿ ಬಿಡಿಸಿ ಹೇಳುತ್ತಿದ್ದ. ಒಂದು ದಿನವೂ "ನಾಳೆ ನೋಡೋಣ" ಅನ್ನಲಿಲ್ಲ.

ಗ್ರೀಕ್ ಪಪೈರಸ್, ಅಂದರೆ ಜೊಂಡಿನ ಹಾಳೆಯ ಹಳೆಯ ಬರಹ, ಓದುವ ಹಿರಿಯರೊಬ್ಬರಿಗೆ ಪರಿಚಯವೇ ಇಲ್ಲದೆ ಪತ್ರ ಬರೆದಿದ್ದೆ. ಅವರ ಉತ್ತರದಿಂದ ನನ್ನ ಒಂದು ಇಡೀ ಅಧ್ಯಾಯ ಹುಟ್ಟಿತು. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ ಕೊಪ್ರೆಯುಸ್, ಕೊಪ್ರಿಯಾ ಎಂಬ ಹೆಸರಿನವರು ಬೇಕಾದಷ್ಟು ಜನ ಸಿಗುತ್ತಾರೆ. ಕೊಪ್ರೋಸ್ ಅಂದರೆ ಸಗಣಿ, ಗೊಬ್ಬರ. ಅಂದರೆ ತಿಪ್ಪೆಯ ಹೆಸರು! ವಿಜಯನಗರ ಕಾಲದ ಸಾಳುವ ಮನೆತನದಲ್ಲೂ ತಿಪ್ಪ ಎಂಬ ಹೆಸರಿನವರಿದ್ದರು. ನನಗೆ ಕುಣಿದಾಡುವಷ್ಟು ಖುಷಿ. ಆ ಹಿರಿಯರು ಮಾತ್ರ, ಹೆಸರು ಹೋಲುತ್ತದೆ ಅಂತ ಕಾರಣವೂ ಒಂದೇ ಅಂದುಕೊಳ್ಳಬೇಡಿ ಎಂದು ಬರೆದರು. ಎಷ್ಟು ಸರಿ! ನಮ್ಮಲ್ಲಿ ಹಿಂದಿನ ಮಕ್ಕಳು ಉಳಿಯದಿದ್ದರೆ ಹೊಸ ಕೂಸನ್ನು ಶಾಸ್ತ್ರಕ್ಕೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ಆ ಹೆಸರಿಡುತ್ತಿದ್ದರು. ಕೆಟ್ಟ ಕಣ್ಣು ಬೀಳದಿರಲಿ ಅಂತ. ಈಜಿಪ್ಟಿನಲ್ಲಿ ಮಕ್ಕಳನ್ನು ನಿಜವಾಗಿಯೂ ತಿಪ್ಪೆಯಲ್ಲಿ ಬಿಟ್ಟುಹೋಗುತ್ತಿದ್ದರು, ಬೇರೆಯವರು ಎತ್ತಿ ಸಾಕುತ್ತಿದ್ದರು. ಹಾಗಂತ ಆ ಹೆಸರಿನವರೆಲ್ಲ ಬಿಟ್ಟುಹೋದ ಮಕ್ಕಳೇ ಅನ್ನುವ ಹಾಗೂ ಇಲ್ಲ. ಅಪ್ಪನ ಹೆಸರೂ ಅದೇ, ಮಗನ ಹೆಸರೂ ಅದೇ ಆದಾಗ ಏನು ಹೇಳುತ್ತೀರಿ? ವೈವಾದಲ್ಲಿ ಕೇಳಿದ ಮೊದಲ ಪ್ರಶ್ನೆ ಇದೇ. ಆ ಪತ್ರ ಬರದಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಮಧ್ಯೆ ಫೆಲೋಶಿಪ್ ಹಣ ನಿಂತುಹೋಯಿತು. ಅದರ ಕಥೆ ಇಲ್ಲಿ ಬೇಡ. ಆ ತಿಂಗಳುಗಳಲ್ಲಿ ಮನೆ ನಡೆಸಿದ ಅಕ್ಕನಿಗೆ, ವಾಪಸ್ ಯಾವಾಗ ಅಂತ ಕೇಳದೆ ಪುಸ್ತಕ ಕೊಡುತ್ತಿದ್ದ ಲೈಬ್ರರಿಯವರಿಗೆ ನನ್ನ ನಮಸ್ಕಾರ.

ಇನ್ನು ನಾನು ಯಾವತ್ತೂ ನೋಡದ ಜನ. ಬಿ.ಎಲ್. ರೈಸ್ 1886ರಲ್ಲಿ ನಮ್ಮ ನಾಡಿನ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ತಂದರು. 1972ರಲ್ಲಿ ಪೀಟರ್ ಫ್ರೇಸರ್ ಗ್ರೀಕ್ ಹೆಸರುಗಳ ಕೋಶದ ಕೆಲಸ ಶುರು ಮಾಡಿದರು, ಮೊದಲ ಸಂಪುಟ ಬರುವಷ್ಟರಲ್ಲಿ 1987 ಆಗಿತ್ತು. ಇವರ ಹೆಸರಾದರೂ ಮುಖಪುಟದಲ್ಲಿದೆ. ಇವರ ಹಿಂದೆ ಬಿಸಿಲಲ್ಲಿ ಕೂತು ಕಲ್ಲಿನ ಪಡಿಯಚ್ಚು ತೆಗೆದವರು, ಚೀಟಿ ಬರೆದವರು, ಇಂಡೆಕ್ಸ್ ಜೋಡಿಸಿದವರು ಎಷ್ಟೋ ಜನ. ಹೆಸರುಗಳನ್ನೇ ಜೋಡಿಸಿದ ಅವರ ಹೆಸರು ಬಹಳ ಕಡೆ ಎಲ್ಲೂ ಇಲ್ಲ.

ಅವರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು, ಗೊತ್ತಿಲ್ಲದ ಕಡೆ ಅವರು ಸುಮ್ನೆ ಜಾಗ ಬಿಟ್ಟದ್ದು. ಕಲ್ಲು ಚಕ್ಕೆ ಎದ್ದು, ಕೊನೆಯ 'ಬ್ಬೆ' ಒಂದೇ ಉಳಿದಿದೆ ಅಂದುಕೊಳ್ಳಿ. ಹೆಂಗಸಿನ ಹೆಸರು ಅಂತ ಗೊತ್ತಾಗುತ್ತದೆ. ಅತ್ತಿಮಬ್ಬೆಯೋ, ಗುಂಡಮಬ್ಬೆಯೋ, ಇನ್ಯಾರೋ ಗೊತ್ತಾಗುವುದಿಲ್ಲ. ಒಂದು ದೊಡ್ಡ ಹೆಸರು ತುಂಬಿಬಿಟ್ಟರೆ ಶಾಸನಕ್ಕೂ ಬೆಲೆ, ಓದಿದವನಿಗೂ ಬೆಲೆ. ಅವರು ತುಂಬಲಿಲ್ಲ. ಚುಕ್ಕೆ ಇಟ್ಟು ಮುಂದೆ ಹೋದರು. ಗ್ರೀಕ್, ಲ್ಯಾಟಿನ್ ಶಾಸನ ಓದುವವರು 1931ರಲ್ಲಿ ಲೈಡನ್ನಿನಲ್ಲಿ ಇದಕ್ಕೆ ನಿಯಮವನ್ನೇ ಮಾಡಿಕೊಂಡರು. ಕಳೆದುಹೋದದ್ದು ಚೌಕ ಕಂಸದೊಳಗೆ, ಅನುಮಾನದ ಅಕ್ಷರದ ಕೆಳಗೆ ಚುಕ್ಕೆ. ಅಷ್ಟೇ. ಆ ಒಂದು ಚುಕ್ಕೆ ಇಲ್ಲದಿದ್ದರೆ ನನ್ನ ಪಟ್ಟಿಯಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು ಅಂತ ನನಗೇ ತಿಳಿಯುತ್ತಿರಲಿಲ್ಲ.

ರೋಮ್‌ನಲ್ಲಂತೂ ಯಾರ ಹೆಸರು ಅಂತ ಗೊತ್ತಾಗದಿರಲು ಕಲ್ಲು ಒಡೆಯಬೇಕಾಗೂ ಇಲ್ಲ. ರೋಮಿನ ಸೇನಾನಿ ಮಾರ್ಕ್ ಆಂಟನಿಗೆ ಒಬ್ಬಳೇ ಹೆಂಡತಿಯಿಂದ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಆಂಟೋನಿಯಾ. ಮನೆತನದ ಹೆಸರನ್ನೇ ಹೆಣ್ಣು ಮಾಡಿ ಮಗಳಿಗೆ ಇಡುವುದು ಅಲ್ಲಿನ ರೂಢಿ. ನಾವು ಈಗ ದೊಡ್ಡ ಆಂಟೋನಿಯಾ, ಚಿಕ್ಕ ಆಂಟೋನಿಯಾ ಅಂತ ಕರೆದುಕೊಳ್ಳುತ್ತೇವೆ. ಮನೆಯಲ್ಲಿ ಅವರನ್ನು ಹೇಗೆ ಕೂಗುತ್ತಿದ್ದರೋ! ಈ ಅಧ್ಯಾಯವನ್ನು ಎರಡು ಸಲ ಪೂರ್ತಿ ಓದಿ, ತಪ್ಪು ಗುರುತು ಹಾಕಿಕೊಟ್ಟ ತಂಗಿಯಂಥ ಜೂನಿಯರ್‌ಗೆ ಸ್ಪೆಷಲ್ ಥ್ಯಾಂಕ್ಸ್. ಅವಳ ಪ್ರಬಂಧದ ಸರದಿ ಈಗ, ಓದುವ ಕೆಲಸ ನನ್ನದು.

ಹೆಸರುಗಳ ಪಟ್ಟಿಯನ್ನು ಬೇಕಾದವರಿಗೆ ಕೊಡುತ್ತೇನೆ. ಒಂದು ಮಾತು ಹೇಳಿದರೆ ಸಾಕು, ಕಳಿಸುತ್ತೇನೆ. ಒಂದೇ ಷರತ್ತು: ಬಿಟ್ಟ ಜಾಗಗಳನ್ನು ಹಾಗೇ ಇಟ್ಟುಕೊಳ್ಳಿ. ತುಂಬಲು ನಿಮ್ಮ ಹತ್ತಿರ ಆಧಾರ ಇದ್ದರೆ ಮೊದಲು ನನಗೆ ತಿಳಿಸಿ, ಮುಂದಿನ ಪ್ರತಿಯಲ್ಲಿ ನಿಮ್ಮ ಹೆಸರು ಹಾಕಿಯೇ ಸೇರಿಸುತ್ತೇನೆ.