ಚಳಿಗೆ ಲಾರಿ ಎಳೀಲಿಲ್ಲ ಅಂತ ಪಂಪ್ ಬಿಚ್ಚಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ಡಿಸೆಂಬರ್ ಬಂತು ಅಂದ್ರೆ ನಮ್ಮ ಹಿರಿಯೂರು, ಸಿರಾ, ಚಿತ್ರದುರ್ಗ ಕಡೆ ಗ್ಯಾರೇಜುಗಳಿಗೆ ಉತ್ತರದಿಂದ ಫೋನ್ ಶುರುವಾಗುತ್ತೆ. ದಿಲ್ಲೀಲಿ ಅಡಿಕೆ ಇಳಿಸಿ ಸೇಬು ತುಂಬೋಕೆ ಅಂತ 44ನೇ ಹೈವೇ ಹಿಡಿದು ಮೇಲಕ್ಕೆ ಕಾಶ್ಮೀರದ ಕಡೆ ಹೋದ ಡ್ರೈವರುಗಳು, ಎಲ್ಲರದ್ದೂ ಒಂದೇ ಮಾತು, ಅಣ್ಣಾ ಗಾಡಿ ಸ್ಟಾರ್ಟ್ ಆಗುತ್ತೆ, ನಿಂತಲ್ಲಿ ಚೆನ್ನಾಗೇ ಓಡುತ್ತೆ, ಲೋಡ್ ಹಾಕ್ಕೊಂಡು ಏರು ಹತ್ತಿಸಿದ್ರೆ ಪಿಕಪ್ಪೇ ಇಲ್ಲ ಅಂತ. ಅಲ್ಲಿನ ಮೆಕ್ಯಾನಿಕ್ ನೋಡಿದ ತಕ್ಷಣ ಎಂಜಿನ್ನಿಗೆ ಡೀಸೆಲ್ ತಳ್ಳೋ ಪಂಪ್ ಹೋಗಿದೆ, ಅದನ್ನ ಒಳಗೆ ಚಿಮ್ಮಿಸೋ ನಾಝಲ್ ಹೋಗಿದೆ, ಕ್ಯಾಲಿಬ್ರೇಷನ್ ಮಾಡಿಸಬೇಕು ಅಂತಾನೆ, ಗಾಡಿ ಮೂರು ದಿನ ನಿಲ್ಲುತ್ತೆ, ಬಿಲ್ ಸಾವಿರಗಟ್ಟಲೆ, ಕೊನೆಗೆ ಓನರ್ ಅದನ್ನ ಡ್ರೈವರ್ ಸಂಬಳದಲ್ಲಿ ಮುರ್ಕೊಳ್ತಾನೆ. ನಾನೂ ಡೀಸೆಲ್ ಕೆಲಸದವನೇ, ನನ್ನ ಕಸುಬಿನವರ ಮೇಲೆ ಹೇಳೋಕೆ ಬೇಜಾರೇ, ಆದ್ರೂ ಹೇಳ್ತೀನಿ, ಇದ್ರಲ್ಲಿ ಮುಕ್ಕಾಲು ಕೇಸು ಪಂಪಿಗೆ ಸಂಬಂಧಾನೇ ಇರಲ್ಲ.

ಡೀಸೆಲ್ಲಲ್ಲಿ ಸ್ವಾಭಾವಿಕವಾಗೇ ಮೇಣದ ಅಂಶ ಇರುತ್ತೆ. ಮಾಗಿ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಲ್ಲಿ ಬೆಳ್ಳಗೆ ಗಟ್ಟಿಯಾಗಲ್ವಾ, ಅದೇ ಥರ, ಆದ್ರೆ ಡೀಸೆಲ್ ಪೂರ್ತಿ ಗಟ್ಟಿಯಾಗೋಕ್ ಮುಂಚೇನೇ ಸಣ್ಣ ಸಣ್ಣ ಮೇಣದ ಹರಳು ಎದ್ದು ಫಿಲ್ಟರ್ ಪೇಪರಿಗೆ ಮೆತ್ಕೊಳ್ಳುತ್ತೆ. ಸ್ಲೋ ಓಡೋವಾಗ ಎಂಜಿನ್ನಿಗೆ ಬೇಕಾಗೋದು ಚೂರೇ ಚೂರು ಡೀಸೆಲ್, ಅಷ್ಟು ಹೇಗೋ ನುಸುಳಿ ಬರುತ್ತೆ, ಫುಲ್ ಲೋಡಲ್ಲಿ ಎಕ್ಸಲರೇಟರ್ ಒತ್ತಿದಾಗ ಬೇಕಾದಷ್ಟು ಬರಲ್ಲ. ಅದಕ್ಕೇ ನಿಂತಲ್ಲಿ ಸರಿ, ಏರಲ್ಲಿ ಸುಸ್ತು.

ಇದನ್ನ ಪತ್ತೆ ಮಾಡೋಕೆ ಮೆಷಿನ್ ಬೇಡ, ಗಡಿಯಾರ ಸಾಕು. ಬೆಳಗಿನ ಜಾವ ಎಳೀದೇ ಇದ್ದ ಗಾಡಿ ಹತ್ತು ಹನ್ನೊಂದು ಗಂಟೆಗೆ ಬಿಸಿಲು ಏರಿದ ಮೇಲೆ, ರಿಟರ್ನ್ ಪೈಪಲ್ಲಿ ಬಿಸಿ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗ್ತಾ ಹೋಗ್ತಾ ತಾನೇ ಸರಿಹೋಯ್ತು ಅಂದ್ರೆ ಅದು ಮೇಣ. ಸವೆದ ಪಂಪ್ ಬಿಸಿಲಿಗೆ ರಿಪೇರಿ ಆಗಲ್ಲ, ಅದರ ಕಥೆ ಉಲ್ಟಾ, ಡೀಸೆಲ್ ಬಿಸಿಯಾಗಿ ತೆಳ್ಳಗಾದಷ್ಟೂ ಒಳಗೇ ಲೀಕಾಗಿ ಇನ್ನೂ ಜಾಸ್ತಿ ಕೈಕೊಡುತ್ತೆ. ಇದೊಂದು ಪ್ರಶ್ನೆ ಡ್ರೈವರಿಗೆ ಕೇಳದೆ ಸ್ಪಾನರ್ ಹಿಡಿಯೋನನ್ನ ನಾನು ಮೆಕ್ಯಾನಿಕ್ ಅನ್ನಲ್ಲ.

ಆಮೇಲೆ ಹೊಗೆ ನೋಡಿ. ಹೊಗೆ ಏನೂ ಇಲ್ಲ, ಪವರ್ ಮಾತ್ರ ಇಲ್ಲ ಅಂದ್ರೆ ಡೀಸೆಲ್ ಸಾಲ್ತಿಲ್ಲ. ಕಪ್ಪು ಹೊಗೆ ಅಂದ್ರೆ ಗಾಳಿ ಸಾಲ್ತಿಲ್ಲ, ಅಂದ್ರೆ ಏರ್ ಫಿಲ್ಟರ್, ಟರ್ಬೋ ಹೋಸ್ ಬಿಟ್ಕೊಂಡಿರೋದು, ಅಥವಾ ಎಕ್ಸಾಸ್ಟ್ ಬ್ರೇಕಿನ ಪ್ಲೇಟ್ ಅರ್ಧ ಮುಚ್ಚಿ ಅಲ್ಲೇ ಕಚ್ಕೊಂಡಿರೋದು, ಈ ಕೊನೇದನ್ನ ತುಂಬಾ ಜನ ನೋಡೋದೇ ಇಲ್ಲ. ಕಣ್ಣುರಿಯೋ ಹಾಗೆ ಡೀಸೆಲ್ ವಾಸನೆಯ ಬಿಳಿ ಹೊಗೆ ಆದ್ರೆ ಎಂಜಿನ್ ತಣ್ಣಗಿದ್ದು ಸರಿಯಾಗಿ ಉರೀತಿಲ್ಲ, ಬಿಸಿಯಾದ ಮೇಲೂ ಅದು ನಿಲ್ಲಲಿಲ್ಲ ಅಂದ್ರೆ ಆಗ ಕಂಪ್ರೆಷನ್, ನಾಝಲ್ ಮೇಲೆ ಅನುಮಾನ ಪಡಿ, ಬೇಡ ಅನ್ನಲ್ಲ.

ಫಿಲ್ಟರ್ ಬಿಚ್ಚಿ ಒಳಗಿರೋದನ್ನ ಗಾಜಿನ ಬಾಟಲಿಗೆ ಹುಯ್ದು ನೋಡಿ. ತಳದಲ್ಲಿ ನೀರು ಬೇರೆಯಾಗಿ ಕೂತ್ರೆ ಅದೂ ಕಾರಣಾನೇ, ಅರ್ಧ ಖಾಲಿ ಟ್ಯಾಂಕಲ್ಲಿ ರಾತ್ರಿ ಇಬ್ಬನಿ ಕಟ್ಟಿ ನೀರಾಗುತ್ತೆ, ಸೊನ್ನೆ ಡಿಗ್ರಿಗೆ ಆ ನೀರು ಐಸಾಗಿ ಲೈನ್ ಕಟ್ಟುತ್ತೆ. ಅದಕ್ಕೇ ಚಳಿ ಊರಲ್ಲಿ ರಾತ್ರಿ ಗಾಡಿ ಹಾಕೋಕ್ ಮುಂಚೆ ಟ್ಯಾಂಕ್ ತುಂಬಿಸಿ, ಬೆಳಿಗ್ಗೆ ಡೀಸೆಲ್ಲಿಂದ ನೀರು ಬೇರ್ಪಡಿಸೋ ವಾಟರ್ ಸೆಪರೇಟರಿನ ನಲ್ಲಿ ತಿರುಗಿಸಿ ನೀರು ಹೊರಗೆ ಬಿಡಿ. ಹೊಸ ಫಿಲ್ಟರ್ ಹಾಕೋವಾಗ ಕಾಮನ್ ರೈಲ್ ಗಾಡಿ, ಅಂದ್ರೆ ಭಾರೀ ಒತ್ತಡದಲ್ಲಿ ಡೀಸೆಲ್ ಹೊಡೆಯೋ ಈಗಿನ ಥರದ ಎಂಜಿನ್ ಆದ್ರೆ ಅದರೊಳಗೆ ಕ್ಯಾನಿಂದ ಡೀಸೆಲ್ ಹುಯ್ಯಬೇಡಿ, ಕಸ ನೇರ ಪಂಪಿಗೆ ಹೋಗುತ್ತೆ, ಕೈಯಲ್ಲಿ ಒತ್ತೋ ಹ್ಯಾಂಡ್ ಪ್ರೈಮರಿಂದಾನೇ ತುಂಬಿಸಿ. ಫಿಲ್ಟರ್ ಹಾಕಿದ್ರೂ ಸರಿಹೋಗ್ಲಿಲ್ವಾ, ಟ್ಯಾಂಕಿಂದ ಬರೋ ಪೈಪಿಗೆ ಒಂದು ತುಂಡು ಪಾರದರ್ಶಕ ಟ್ಯೂಬ್ ಸೇರಿಸಿ ಎಂಜಿನ್ ಓಡಿಸಿ ನೋಡಿ, ಗುಳ್ಳೆ ಬಂದ್ರೆ ಏರ್ ಎಳೀತಿದೆ. ಹಳೇ ರಬ್ಬರ್ ಹೋಸು ಚಳಿಗೆ ಸೆಟೆದು ಕ್ಲಿಪ್ಪಿನ ಹತ್ರ ಸಡಿಲ ಆಗುತ್ತೆ, ಹೊರಗೆ ಒಂದು ಹನೀನೂ ಸೋರಲ್ಲ, ಒಳಕ್ಕೆ ಗಾಳಿ ಮಾತ್ರ ಹೋಗುತ್ತೆ.

ಕೆಲವು ಸಲ ಎಂಜಿನ್ನಿನ ತಪ್ಪೇ ಇರಲ್ಲ. ಬ್ರೇಕಿನ ಏರ್ ಟ್ಯಾಂಕಲ್ಲಿ ನೀರಿದ್ದು ವಾಲ್ವಲ್ಲಿ ಐಸ್ ಕಟ್ಟಿದ್ರೆ ಬ್ರೇಕ್ ಪೂರ್ತಿ ಬಿಡಲ್ಲ, ಗಾಡಿ ಎಳೀತಿಲ್ಲ ಅನ್ಸುತ್ತೆ, ಚಕ್ರದ ಬ್ರೇಕ್ ಡ್ರಮ್ ಹತ್ರ ಕೈ ಹಿಡಿದ್ರೆ ಬಿಸಿ ಗೊತ್ತಾಗುತ್ತೆ, ಮುಟ್ಟಬೇಡಿ ಸುಟ್ಟೋಗುತ್ತೆ.

ಇನ್ನೊಂದು ನಮ್ಮ ಕಡೆಯವರದ್ದೇ ಕಿತಾಪತಿ. ಬೇಸಿಗೇಲಿ ಹೀಟ್ ಆಗುತ್ತೆ ಅಂತ ಥರ್ಮೋಸ್ಟಾಟ್, ಅಂದ್ರೆ ಎಂಜಿನ್ ಬಿಸಿಯಾಗೋ ತನಕ ನೀರನ್ನ ರೇಡಿಯೇಟರಿಗೆ ಬಿಡದ ವಾಲ್ವ್, ಕಿತ್ತು ಬಿಸಾಕಿರ್ತಾರೆ. ಇಲ್ಲಿ ನಡೆಯುತ್ತೆ, ಪಂಜಾಬ್ ದಾಟಿದ ಮೇಲೆ ಎಂಜಿನ್ ಬಿಸಿಯಾಗೋದೇ ಇಲ್ಲ, ಡೀಸೆಲ್ ಕುಡಿಯುತ್ತೆ ಕೆಲಸ ಮಾಡಲ್ಲ, ಡ್ರೈವರ್ ಪಾಪ ರೇಡಿಯೇಟರ್ ಮುಂದೆ ರಟ್ಟು ಕಟ್ಕೊಂಡು ಓಡಿಸ್ತಾನೆ. ಹೊಸ ಹೊಗೆ ನಿಯಮದ ಬಿಎಸ್ 6 ಗಾಡೀಲಂತೂ ಎಂಜಿನ್ ಬಿಸಿಯಾಗದಿದ್ರೆ ಸೈಲೆನ್ಸರ್ ಕಡೆ ಮಸಿ ಸುಡೋ ಕೆಲಸ ನಡೆಯಲ್ಲ, ಲ್ಯಾಂಪ್ ಹತ್ತಿ ಕಂಪ್ಯೂಟರೇ ಪವರ್ ಕಟ್ ಮಾಡುತ್ತೆ. ಹೊಗೆ ಶುದ್ಧ ಮಾಡೋಕೆ ಡೆಫ್ ಅಂತ ಬೇರೆ ಟ್ಯಾಂಕಿಗೆ ಹಾಕ್ತೀವಲ್ಲ ಯೂರಿಯಾ ನೀರು, ಅದು ಮೈನಸ್ 11 ಡಿಗ್ರಿಗೆ ಗಟ್ಟಿಯಾಗುತ್ತೆ, ಗಟ್ಟಿಯಾದಾಗ ಹಿಗ್ಗುತ್ತೆ, ಹಾಗಾಗಿ ಆ ಟ್ಯಾಂಕನ್ನ ಮಾತ್ರ ಬಾಯಿತನಕ ತುಂಬಿಸಬಾರದು.

ಕಾಶ್ಮೀರದಿಂದ ಲಡಾಖಿಗೆ ದಾಟೋ ಜೋಜಿಲಾ ಘಾಟಿ ಹತ್ರ ಪವರ್ ಕಮ್ಮಿ ಆಯ್ತು ಅಂತ ಫೋನ್ ಮಾಡೋರೂ ಇದಾರೆ. ಅದು ಸುಮಾರು 3,500 ಮೀಟರ್ ಎತ್ತರ ಸ್ವಾಮಿ, ಅಲ್ಲಿ ಗಾಳಿಯ ಒತ್ತಡ ನಮ್ಮ ಮಂಗಳೂರಿನ ಮೂರನೇ ಎರಡರಷ್ಟೂ ಸರಿಯಾಗಿ ಇರಲ್ಲ, ಟರ್ಬೋ ಇಲ್ಲದ ಹಳೇ ಗಾಡಿ ಮೂರನೇ ಒಂದು ಭಾಗ ಶಕ್ತಿ ಕಳ್ಕೊಂಡ್ರೆ ಅದು ರೋಗ ಅಲ್ಲ, ಇಳಿದ ಮೇಲೆ ಸರಿಹೋಗುತ್ತೆ.

ಡ್ರೈವರುಗಳಿಗೂ ಒಂದು ಮಾತು. ಟ್ಯಾಂಕಿನ ಕೆಳಗೆ ಬೆಂಕಿ ಹಾಕೋದು ಬಿಡಿ, ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಹುಯ್ದ್ರೆ ಸಾಕು. ಸೀಮೆಎಣ್ಣೆ ಬೆರೆಸೋದು ಹಳೇ ಕಾಲದ ಗಾಡಿಗೆ ಹೇಗೋ ನಡೀತಿತ್ತು, ಈಗಿನ ಪಂಪಿಗೆ ಡೀಸೆಲ್ಲಿನ ಜಿಡ್ಡೇ ಆಯಿಲ್, ಸೀಮೆಎಣ್ಣೆ ಹಾಕಿ ಆ ಜಿಡ್ಡು ಕಮ್ಮಿ ಮಾಡಿದ್ರೆ ಇಲ್ಲದ ಪಂಪ್ ರಿಪೇರಿ ನಿಜವಾಗಲೂ ಬರುತ್ತೆ. ಮೇಣ ಕಟ್ಟದ ಹಾಗೆ ಬಾಟಲಲ್ಲಿ ಕೆಮಿಕಲ್ ಸಿಗುತ್ತೆ, ಅದನ್ನೂ ಚಳಿ ಹಿಡಿಯೋಕ್ ಮುಂಚೆ ಹಾಕ್ಬೇಕು, ಕಟ್ಟಿದ ಮೇಲೆ ಹಾಕಿ ಪ್ರಯೋಜನ ಇಲ್ಲ.

ಪೇಪರಿಗೆ ಬರೀತಿರೋ ಕಾರಣ ಇದು. ನಮ್ಮ ದೇಶದ ಡೀಸೆಲ್ ಸ್ಟಾಂಡರ್ಡ್ ಐಎಸ್ 1460 ಪ್ರಕಾರ ಡೀಸೆಲ್ ಫಿಲ್ಟರ್ ಕಟ್ಟಿಸೋ ಉಷ್ಣತೆ ಬೇಸಿಗೇಲಿ 18 ಡಿಗ್ರಿ, ಚಳಿಗಾಲದಲ್ಲಿ 6 ಡಿಗ್ರಿ ದಾಟಬಾರದು, ಚಳಿಗಾಲ ಅಂದ್ರೆ ನವೆಂಬರಿಂದ ಫೆಬ್ರವರಿ ಅಷ್ಟೇ. ಬಂಕಲ್ಲಿ ಸಿಗೋ ಮಾಲು ಇದಕ್ಕಿಂತ ಚೆನ್ನಾಗೇ ಇರಬಹುದು, ಆದ್ರೆ ಲೆಕ್ಕ ಹಾಕಿ ನೋಡಿ, ಜನವರೀಲಿ ದಿಲ್ಲಿ ರಾತ್ರಿ ಮೂರು ನಾಲ್ಕು ಡಿಗ್ರಿಗೆ ಇಳಿಯುತ್ತೆ, ಶ್ರೀನಗರ ಸೊನ್ನೆಗಿಂತ ಕೆಳಗೆ, ಮಾರ್ಚಲ್ಲಿ ಕಾಗದದ ಮೇಲೆ ಬೇಸಿಗೆ ಬಂದ್ರೂ ಘಾಟಿ ಮೇಲೆ ಬಂದಿರಲ್ಲ. ಬೆಂಗಳೂರಲ್ಲಿ ಇದುವರೆಗೆ ದಾಖಲಾದ ಅತಿ ಕಮ್ಮಿ ಉಷ್ಣತೆ 7.8 ಡಿಗ್ರಿ, ಅದೂ 1884ರಲ್ಲಿ, ಹಾಗಾಗಿ ನಮ್ಮ ಡ್ರೈವರಿಗೆ ಈ ರೋಗದ ಪರಿಚಯಾನೇ ಇರಲ್ಲ. ಲಡಾಖಿಗೆ ಅಂತ ಇಂಡಿಯನ್ ಆಯಿಲ್‌ನವರು 2019ರಲ್ಲೇ ಮೈನಸ್ 33 ಡಿಗ್ರೀಲೂ ಗಟ್ಟಿಯಾಗದ ಡೀಸೆಲ್ ತಂದ್ರು, ಒಳ್ಳೇದೇ, ಆದ್ರೆ ತಗ್ಗಿನ ಊರಲ್ಲಿ ಟ್ಯಾಂಕ್ ತುಂಬಿಸ್ಕೊಂಡು ಹೋಗೋನಿಗೆ ಅದರಿಂದ ಏನು ಬಂತು? ಪಂಜಾಬ್, ಜಮ್ಮು ಕಡೆ ಬಂಕುಗಳಲ್ಲಿ ಈ ಡೀಸೆಲ್ ಎಷ್ಟು ಡಿಗ್ರಿ ತನಕ ನಡೆಯುತ್ತೆ ಅಂತ ರೇಟ್ ಬೋರ್ಡ್ ಪಕ್ಕದಲ್ಲೇ ಒಂದು ನಂಬರ್ ಬರೀಲಿ, ಅಂಕಿ ಓದೋಕೆ ಭಾಷೆ ಬೇಕಾಗಿಲ್ಲ. ಇಲ್ಲಿನ ಲಾರಿ ಮಾಲೀಕರ ಸಂಘದವರು ಆಯಿಲ್ ಕಂಪನಿಗಳಿಗೆ ಇದನ್ನ ಕೇಳ್ಬೇಕು. ಅಲ್ಲೀತನಕ ಮಾಲೀಕರು ಉತ್ತರಕ್ಕೆ ಹೋಗೋ ಗಾಡೀಲಿ ಎರಡು ಸ್ಪೇರ್ ಫಿಲ್ಟರ್ ಇಟ್ಟು ಕಳಿಸಿ, ಪಂಪ್ ಬಿಲ್ ಬಂದ್ರೆ ಡ್ರೈವರ್ ಸಂಬಳಕ್ಕೆ ಕೈ ಹಾಕೋಕ್ ಮುಂಚೆ ಹಳೇ ಫಿಲ್ಟರ್ ಎಲ್ಲಿ ತೋರ್ಸು ಅಂತ ಆ ಗ್ಯಾರೇಜಿನವನನ್ನ ಕೇಳಿ.

— ಒಬ್ಬ ಡೀಸೆಲ್ ಮೆಕ್ಯಾನಿಕ್, ಹಿರಿಯೂರು